ಜೂನ್‌ನಿಂದ ಮಾರ್ಚ್‌ವರೆಗೆ

ಮಳೆಯೊಂದಿಗೆ ಶಾಲೆಗಳು ತೆರೆಯುತ್ತವೆ. ಪ್ರವೇಶೋತ್ಸವದ ತೋರಣ, ಸಿಹಿತಿಂಡಿ, ಭಾಷಣಗಳು ಮುಗಿದ ಮರುದಿನವೇ ಒಂದನೆಯ ತರಗತಿಯ ಮಗುವಿನ ನಿಜವಾದ ವರ್ಷ ಆರಂಭವಾಗುತ್ತದೆ. ಮುಂದಿನ ಮಾರ್ಚಿನೊಳಗೆ ಆ ಮಗು ಕನ್ನಡವನ್ನು ಓದಲು, ಬರೆಯಲು ತೊಡಗಬೇಕು. ಕಾಸರಗೋಡಿನ ಕನ್ನಡದ ಭವಿಷ್ಯವನ್ನು ಕುರಿತು ನಾವು ಎಷ್ಟೇ ಸಭೆಗಳನ್ನು ನಡೆಸಿದರೂ ಅದು ನಿಜವಾಗಿ ತೀರ್ಮಾನವಾಗುವುದು ಈ ಹತ್ತು ತಿಂಗಳುಗಳಲ್ಲಿ.

ನಮ್ಮ ಎಲ್.ಪಿ. ಶಾಲೆಗಳ ಕನ್ನಡ ತರಗತಿಗೆ ಬರುವ ಮಕ್ಕಳೆಲ್ಲರ ಮನೆಮಾತು ಕನ್ನಡವಲ್ಲ. ತುಳು, ಕೊಂಕಣಿ, ಮರಾಠಿ, ಬ್ಯಾರಿ ಮಾತನಾಡುವ ಮನೆಗಳ ಮಕ್ಕಳೂ ಅಲ್ಲಿರುತ್ತಾರೆ. ತುಳು ಮಗುವಿಗೆ ‘ಬರ್ಸ’ ಎಂದರೆ ಮಳೆ; ಪುಸ್ತಕದಲ್ಲಿ ‘ವರ್ಷ’ ಎಂದರೆ ಹನ್ನೆರಡು ತಿಂಗಳು. ಹವ್ಯಕ ಮನೆಯಲ್ಲಿ ‘ಕೂಸು’ ಎಂದರೆ ಹುಡುಗಿ. ಪುಸ್ತಕದ ಕೂಸು ತೊಟ್ಟಿಲಲ್ಲಿದೆ. ಆದುದರಿಂದ ಇಲ್ಲಿ ಓದಿನ ಮೊದಲ ಪಾಠ ಅಕ್ಷರವಲ್ಲ, ಕಿವಿ. ಓಣಂ ರಜೆಯವರೆಗಿನ ಅವಧಿಯಲ್ಲಿ ಕಥೆ, ಒಗಟು, ಮಾತುಕತೆಗಳಿಗೆ ಧಾರಾಳವಾಗಿ ಸಮಯ ಸಲ್ಲಬೇಕು. ಮನೆಮಾತನ್ನು ತಪ್ಪೆಂದು ಗದರಿಸದೆ, ಅದರ ಪಕ್ಕದಲ್ಲಿಯೇ ಕನ್ನಡದ ಪದವನ್ನು ಇರಿಸುವ ಅಧ್ಯಾಪಕಿಯ ತರಗತಿಯಲ್ಲಿ ಮಗು ಬೇಗ ಬಾಯಿ ಬಿಡುತ್ತದೆ.

ಅಕ್ಷರಗಳೂ ಇದೇ ಅವಧಿಯಲ್ಲಿ ಬರಲಿ. ಆದರೆ ನಲವತ್ತೊಂಬತ್ತೂ ಸಾಲಾಗಿ ಬರಬೇಕಾಗಿಲ್ಲ. ವರ್ಣಮಾಲೆಯ ಕ್ರಮ ವ್ಯಾಕರಣಕ್ಕೆ ಭೂಷಣ. ಕಲಿಯುವ ಕೈಗೆ ಅದು ಸುಲಭದ ದಾರಿಯಲ್ಲ. ಏಳನೆಯ ಸ್ಥಾನದಲ್ಲಿರುವ ‘ಋ’ ಮಗುವಿಗೆ ಪ್ರಯೋಜನಕ್ಕೆ ಬರುವುದು ಅಪರೂಪ. ರ, ಗ, ಸ, ದ, ಅ ಎಂಬ ಐದನ್ನು ಮೊದಲು ಕಲಿಸುವ ಪದ್ಧತಿಯಲ್ಲಿ ಆ ಐದರಿಂದಲೇ ಅರಸ, ಅಗಸ, ಸರ, ದರ ಎಂಬ ಪದಗಳು ದೊರೆಯುತ್ತವೆ. ತಾನು ಓದಬಲ್ಲೆ ಎಂಬ ಧೈರ್ಯ ಮಗುವಿಗೆ ಮೊದಲ ತಿಂಗಳಲ್ಲಿಯೇ ಬರುತ್ತದೆ.

ಓಣಂ ಕಳೆದು ಕ್ರಿಸ್ಮಸ್‌ವರೆಗಿನ ಅವಧಿ ಕಾಗುಣಿತದ್ದು. ಮೂವತ್ತನಾಲ್ಕು ವ್ಯಂಜನಗಳಿಗೆ ಹದಿನೈದರಂತೆ 510 ರೂಪಗಳು. ಇವನ್ನು ಬಾಯಿಪಾಠ ಮಾಡಿಸುವುದು ಹೊರೆ. ತಲೆಕಟ್ಟು, ಇಳಿ, ಗುಡಿಸು, ಕೊಂಬುಗಳ ಗುಟ್ಟನ್ನು ತಿಳಿಸಿದರೆ ಹದಿನೈದು ಚಿಹ್ನೆಗಳಲ್ಲಿಯೇ ಕೆಲಸ ಮುಗಿಯುತ್ತದೆ. ಉಕ್ತಲೇಖನಕ್ಕೆ ಇದು ತಕ್ಕ ಕಾಲ. ಕೆರೆಯಲ್ಲಿ ನೀರಿದೆ, ಕೇರೆ ಹರಿದಾಡುತ್ತದೆ. ಹುಲಿ ಕಾಡಿನದು, ಹುಳಿ ಅಡುಗೆಮನೆಯದು. ಈ ವ್ಯತ್ಯಾಸವನ್ನು ಮಗು ಅಧ್ಯಾಪಕರ ತುಟಿಯಿಂದ ಕೇಳಿ ಕಾಗದಕ್ಕೆ ಇಳಿಸಬೇಕು.

ಜನವರಿಯ ಬಳಿಕ ಅಕ್ಕ, ಅಮ್ಮ, ಹಳ್ಳಿಗಳ ಸಜಾತೀಯ ಒತ್ತುಗಳು ಸಾಕು. ‘ಸೂರ್ಯ’ದಲ್ಲಿ ರಕಾರ ಮೊದಲು ಕೇಳಿಸಿದರೂ ಅರ್ಕಾವತ್ತು ಕೊನೆಗೆ ಬರುತ್ತದೆ, ಇಂತಹ ಸೋಜಿಗಗಳು ಎರಡನೆಯ ತರಗತಿಗೆ ಉಳಿಯಲಿ. ಈ ಕೊನೆಯ ಅವಧಿಯ ಮುಖ್ಯ ಕೆಲಸ ಬೇರೆಯೇ ಇದೆ: ಮಗು ತನ್ನದೇ ಆದ ಎರಡು ಮೂರು ವಾಕ್ಯಗಳನ್ನು ಬರೆಯಬೇಕು. ನಮ್ಮ ಅಂಗಳದ ಬೆಕ್ಕು, ನಿನ್ನೆ ಕಂಡ ಯಕ್ಷಗಾನದ ವೇಷ, ಯಾವುದಾದರೂ ಸರಿ.

ಇಲ್ಲಿಯೇ ನಮ್ಮ ನಾಡಿನ ಹಳೆಯ ವ್ಯಥೆ ಎದುರಾಗುತ್ತದೆ. ಕನ್ನಡವರಿಯದವರನ್ನು ಕನ್ನಡ ತರಗತಿಗಳಿಗೆ ನೇಮಿಸುವ ಪ್ರಸಂಗಗಳು ನಮಗೆ ಹೊಸತಲ್ಲ. ಅಕ್ಷರವನ್ನು ಗೋಡೆಯ ಪಟ ತೋರಿಸೀತು, ಕಾಗುಣಿತವನ್ನು ಪುಸ್ತಕ ನೋಡಿ ಹೇಳಿಕೊಡಬಹುದು. ಆದರೆ ಮಗು ಸ್ವಂತವಾಗಿ ಬರೆದ ವಾಕ್ಯಕ್ಕೆ ಉತ್ತರಸೂಚಿ ಇಲ್ಲ. ಅದು ಸರಿಯೋ, ಸ್ವಲ್ಪ ತಿದ್ದಿದರೆ ಸುಂದರವಾದೀತೋ ಎಂಬುದನ್ನು ಆ ಭಾಷೆಯಲ್ಲಿ ಬದುಕಿದವರು ಮಾತ್ರ ಹೇಳಬಲ್ಲರು. ಕಾಸರಗೋಡು ಕೇರಳಕ್ಕೆ ಸೇರಿದ 1956ರಲ್ಲಿಯೇ ಸಂವಿಧಾನಕ್ಕೆ 350ಎ ವಿಧಿಯೂ ಸೇರಿತು. ಭಾಷಾ ಅಲ್ಪಸಂಖ್ಯಾತರ ಮಕ್ಕಳಿಗೆ ಪ್ರಾಥಮಿಕ ಹಂತದಲ್ಲಿ ಮಾತೃಭಾಷೆಯ ಶಿಕ್ಷಣಕ್ಕೆ ತಕ್ಕ ಸೌಲಭ್ಯ ಕಲ್ಪಿಸಲು ಯತ್ನಿಸಬೇಕೆಂದು ಅದು ಹೇಳುತ್ತದೆ. ಮಗುವಿನ ವಾಕ್ಯವನ್ನು ಓದಿ ತಿದ್ದಬಲ್ಲ ಅಧ್ಯಾಪಕರಿಲ್ಲದೆ ಆ ಸೌಲಭ್ಯ ಪೂರ್ಣವಾಗದು.

ನೇಮಕಾತಿಯ ವಿರುದ್ಧದ ಹೋರಾಟ ಅಗತ್ಯವೇ. ಆದರೆ ಆದೇಶ ಬದಲಾಗುವ ಹೊತ್ತಿಗೆ ಮಗುವಿನ ವರ್ಷ ಕಳೆದುಹೋಗಿರುತ್ತದೆ. ಕಾಗುಣಿತ ತಪ್ಪಿದ ಮಗು ಒತ್ತಕ್ಷರದಲ್ಲಿ ಮುಗ್ಗರಿಸುತ್ತದೆ. ಒತ್ತಕ್ಷರದಲ್ಲಿ ಮುಗ್ಗರಿಸಿದ ಮಗು ಮೂರನೆಯ ತರಗತಿಯಲ್ಲಿ ಪರಿಸರ ಪಾಠವನ್ನೂ ಓದಲಾರದು. ಆಗ ‘ಕನ್ನಡ ಮಾಧ್ಯಮ ಕಷ್ಟ’ ಎಂಬ ಮಾತು ಹುಟ್ಟುತ್ತದೆ, ಮಗು ಬೇರೆ ಶಾಲೆಯ ಬಸ್ಸು ಹತ್ತುತ್ತದೆ.

ಆದುದರಿಂದ ಹೆತ್ತವರು ಮತ್ತು ರಕ್ಷಕ-ಶಿಕ್ಷಕ ಸಂಘಗಳು ವರ್ಷದಲ್ಲಿ ಮೂರು ಸಲ ವಿಚಾರಿಸಿಕೊಳ್ಳಲಿ. ಓಣಂ ವೇಳೆಗೆ ಮಗು ಒಂದು ಸಣ್ಣ ಕಥೆಯನ್ನು ಕನ್ನಡದಲ್ಲಿ ಹೇಳೀತೇ? ಕ್ರಿಸ್ಮಸ್ ವೇಳೆಗೆ ಕೇಳಿದ ಹತ್ತು ಪದಗಳನ್ನು ಬರೆದೀತೇ? ಮಾರ್ಚಿನಲ್ಲಿ ಹಿಂದೆಂದೂ ಕಾಣದ ನಾಲ್ಕು ಸಾಲುಗಳನ್ನು ಓದೀತೇ? ಪಾಠಪುಸ್ತಕವನ್ನು ಕೊಟ್ಟು ಪರೀಕ್ಷಿಸಬೇಡಿ. ಕಣ್ಣು ಕಿಟಕಿಯ ಕಡೆಗಿದ್ದರೂ ಬಾಯಿ ಪಾಠವನ್ನು ಒಪ್ಪಿಸೀತು. ಈ ವಾರಪತ್ರಿಕೆಯ ಯಾವುದಾದರೊಂದು ಪುಟದ ದೊಡ್ಡ ಅಕ್ಷರಗಳನ್ನು ತೋರಿಸಿ. ಮಗು ತಡವರಿಸಿದರೆ ಮಾರ್ಚಿನವರೆಗೆ ಕಾಯದೆ, ಆ ವಾರವೇ ಶಾಲೆಗೆ ಹೋಗಿ ಕೇಳಿ.