ವಲಸೆ ನೀರುಹಕ್ಕಿಗಳ ಜಾಡು ಮತ್ತು ಕೆರೆಗಳ ಸಂರಕ್ಷಣೆ: ಮನವಿ ಪತ್ರ

ಗೆ,
ಅಧ್ಯಕ್ಷರು ಮತ್ತು ಸದಸ್ಯರು,
ಕರ್ನಾಟಕ ರಾಜ್ಯ ಜೌಗುಭೂಮಿ ಪ್ರಾಧಿಕಾರ,
ಬೆಂಗಳೂರು.

ಅರ್ಜಿದಾರರು: ಮಾಗಡಿ ಕೆರೆ ಮತ್ತು ಅದರ ಸುತ್ತಲಿನ ಕೆರೆಗಳ ಅಚ್ಚುಕಟ್ಟಿನ ರೈತರು ಹಾಗೂ ಪಕ್ಷಿವೀಕ್ಷಕರು.

ವಿಷಯ: ಚಳಿಗಾಲದಲ್ಲಿ ರಾಜ್ಯಕ್ಕೆ ಬರುವ ನೀರುಹಕ್ಕಿಗಳ ಚಲನೆಯನ್ನು ಟ್ರಾನ್ಸ್‌ಮಿಟರ್‌ಗಳ ನೆರವಿನಿಂದ ದಾಖಲಿಸಿ, ಆ ದಾಖಲೆಯ ಆಧಾರದ ಮೇಲೆ ಕೆರೆಗಳ ರಕ್ಷಣೆಯ ನಿರ್ಧಾರಗಳನ್ನು ಕೈಗೊಳ್ಳುವಂತೆ ಕೋರಿಕೆ.

ಮಾನ್ಯರೇ,

ಜೌಗುಭೂಮಿಗಳ ರಕ್ಷಣೆಗಾಗಿ 1971ರಲ್ಲಿ ಇರಾನಿನ ರಾಮ್ಸಾರ್ ಪಟ್ಟಣದಲ್ಲಿ ಆದ ಒಪ್ಪಂದದ ಪಟ್ಟಿಗೆ, ಗದಗ ಜಿಲ್ಲೆ ಶಿರಹಟ್ಟಿ ತಾಲ್ಲೂಕಿನ ಮಾಗಡಿ ಕೆರೆ, ವಿಜಯನಗರ ಜಿಲ್ಲೆಯ ಅಂಕಸಮುದ್ರ ಕೆರೆ ಮತ್ತು ಉತ್ತರ ಕನ್ನಡದ ಅಘನಾಶಿನಿ ಅಳಿವೆ 2024ರ ಜನವರಿಯಲ್ಲಿ ಸೇರ್ಪಡೆಯಾದವು. 2022ರಲ್ಲಿಯೇ ಆ ಮಾನ್ಯತೆ ಪಡೆದಿದ್ದ ರಂಗನತಿಟ್ಟೂ ಸೇರಿ ರಾಜ್ಯದಲ್ಲಿ ಇಂತಹ ತಾಣಗಳು ನಾಲ್ಕಾದವು. ಸುಮಾರು 50 ಹೆಕ್ಟೇರಿನ ಮಾಗಡಿ ಕೆರೆಗೆ ಈ ಗೌರವ ದೊರೆತದ್ದು ಮುಖ್ಯವಾಗಿ ಅಲ್ಲಿ ಚಳಿಗಾಲ ಕಳೆಯುವ ಪಟ್ಟೆತಲೆ ಹೆಬ್ಬಾತುಗಳಿಂದ. ತಲೆಯ ಹಿಂಭಾಗದಲ್ಲಿ ಎರಡು ಕಪ್ಪು ಗೀರುಗಳಿರುವ ಈ ಹಕ್ಕಿ ಮಂಗೋಲಿಯಾ, ಟಿಬೆಟ್ ಪ್ರಸ್ಥಭೂಮಿ ಮತ್ತು ಲಡಾಖಿನಂತಹ ಎತ್ತರದ ಸರೋವರಗಳ ಬಳಿ ಮರಿ ಮಾಡಿ, ಹಿಮಾಲಯ ದಾಟಿ ದಕ್ಷಿಣಕ್ಕೆ ಬರುತ್ತದೆ. ದಕ್ಷಿಣ ಭಾರತದಲ್ಲಿ ಅದು ಬೀಡುಬಿಡುವ ಅತಿ ದೊಡ್ಡ ನೆಲೆಗಳಲ್ಲಿ ಮಾಗಡಿ ಒಂದು.

ಮಾನ್ಯತೆಯ ಗೆರೆ ಕೆರೆಯ ಅಂಗಳಕ್ಕೆ ನಿಲ್ಲುತ್ತದೆ, ಹಕ್ಕಿ ಅಲ್ಲಿಗೆ ನಿಲ್ಲುವುದಿಲ್ಲ ಎಂಬುದೇ ಈ ಮನವಿಯ ಮೂಲ. ಹೆಬ್ಬಾತು ಹಗಲಿನ ಬಹುಭಾಗವನ್ನು ನೀರಿನ ಮೇಲೆ ವಿಶ್ರಾಂತಿಯಲ್ಲಿ ಕಳೆದು, ಹೊತ್ತಿಳಿದ ಮೇಲೆ ಹಿಂಗಾರಿನ ಹೊಲಗಳಿಗೆ ಮೇಯಲು ಹೋಗುತ್ತದೆ. ಕೆರೆಯಲ್ಲಿ ನೀರು ಇಂಗಿದರೆ ಅಥವಾ ಗದ್ದಲ ಹೆಚ್ಚಾದರೆ ಬೇರೆ ಕೆರೆಯನ್ನು ಹಿಡಿಯುತ್ತದೆ. ಆ ಬೇರೆ ಕೆರೆ ಯಾವುದು, ಹೊಲ ಎಷ್ಟು ದೂರದಲ್ಲಿದೆ, ನಡುವೆ ಯಾವ ವಿದ್ಯುತ್ ತಂತಿಯನ್ನು ದಾಟಬೇಕು ಎಂಬ ವಿವರಗಳು ಸಂರಕ್ಷಣೆಯ ಯೋಜನೆಗೆ ಆಧಾರವಾಗಬೇಕಾಗಿದ್ದು, ಬರಿಗಣ್ಣಿನ ವೀಕ್ಷಣೆಯಿಂದ ಅವು ಪೂರ್ಣವಾಗಿ ದೊರೆಯುವುದು ಸಾಧ್ಯವಿಲ್ಲ.

ಕಾನೂನಿನ ತೊಡಕು ಇಲ್ಲಿಯೇ ಎದುರಾಗುತ್ತದೆ. 2017ರ ಜೌಗುಭೂಮಿ (ಸಂರಕ್ಷಣೆ ಮತ್ತು ನಿರ್ವಹಣೆ) ನಿಯಮಗಳು ಕುಡಿಯುವ ನೀರಿಗಾಗಿ ಅಥವಾ ನೀರಾವರಿಗಾಗಿಯೇ ಮನುಷ್ಯರು ಕಟ್ಟಿದ ಜಲಾಶಯಗಳನ್ನು ಜೌಗುಭೂಮಿಯ ವ್ಯಾಖ್ಯೆಯಿಂದ ಹೊರಗಿರಿಸಿವೆ. ಕರಾವಳಿ ಮತ್ತು ಮಲೆನಾಡನ್ನು ಬಿಟ್ಟರೆ ಕರ್ನಾಟಕದ ನೀರುಹಕ್ಕಿಗಳು ಬದುಕುತ್ತಿರುವುದು ಬಹುಪಾಲು ಇಂತಹ ಕಟ್ಟೆಯ ಕೆರೆಗಳಲ್ಲಿಯೇ. ಮಾಗಡಿ ಮಳೆನೀರನ್ನು ನೀರಾವರಿಗೆ ಹಿಡಿದಿಡಲು ಕಟ್ಟಿದ ಕೆರೆ; ಅಂಕಸಮುದ್ರವೂ ಶತಮಾನಗಳ ಹಿಂದೆ ಊರವರ ಬೇಸಾಯಕ್ಕಾಗಿ ಕಟ್ಟಿದ್ದು. ಇವೆರಡಕ್ಕೆ ರಾಮ್ಸಾರ್ ಮಾನ್ಯತೆಯ ಮೂಲಕ ನಿಯಮಗಳ ರಕ್ಷಣೆ ಸಿಕ್ಕಿದೆ. ಅದೇ ಹಕ್ಕಿಗಳು ಅದೇ ಋತುವಿನಲ್ಲಿ ಬಳಸುವ ಪಕ್ಕದ ಕೆರೆಗೆ ಅದು ಸಿಗದಿರುವುದು ಹಕ್ಕಿಗಳ ಜೀವನಕ್ರಮಕ್ಕೆ ಹೊಂದದ ವಿಂಗಡಣೆಯೆಂದು ಅರ್ಜಿದಾರರು ವಿನಯಪೂರ್ವಕವಾಗಿ ಹೇಳಬಯಸುತ್ತಾರೆ.

ಹಕ್ಕಿಗಳ ಜಾಡು ಹಿಡಿಯುವ ಕೆಲಸಕ್ಕೂ ಕರ್ನಾಟಕಕ್ಕೂ ಹಳೆಯ ನಂಟಿದೆ. ಬಾಂಬೆ ನ್ಯಾಚುರಲ್ ಹಿಸ್ಟರಿ ಸೊಸೈಟಿಯು 1927ರಲ್ಲಿಯೇ ಹಕ್ಕಿಗಳ ಕಾಲಿಗೆ ಸಂಖ್ಯೆ ಕೊರೆದ ಲೋಹದ ಉಂಗುರ ತೊಡಿಸಲು ಆರಂಭಿಸಿತ್ತಾದರೂ, ಅದು ದೊಡ್ಡ ಪ್ರಮಾಣದ ಅಧ್ಯಯನವಾಗಿ ಬೆಳೆದದ್ದು 1957ರಲ್ಲಿ ಶಿವಮೊಗ್ಗ ಜಿಲ್ಲೆಯ ಕ್ಯಾಸನೂರು ಕಾಡಿನಲ್ಲಿ ಮಂಗನ ಕಾಯಿಲೆ ಪತ್ತೆಯಾದ ನಂತರ. ಅದರ ವೈರಾಣು ರಷ್ಯಾದ ಉಣ್ಣೆಜ್ವರದ ವೈರಾಣುವನ್ನು ಹೋಲುತ್ತಿದ್ದುದರಿಂದ, ವಲಸೆ ಹಕ್ಕಿಗಳ ಮೈಮೇಲಿನ ಉಣ್ಣೆಗಳ ಮೂಲಕ ರೋಗ ಬಂದಿರಬಹುದೇ ಎಂಬ ಶಂಕೆ ಹುಟ್ಟಿತು. ವಿಶ್ವ ಆರೋಗ್ಯ ಸಂಸ್ಥೆಯ ನೆರವಿನೊಡನೆ ಸಲೀಂ ಅಲಿ ಅವರ ಮುಂದಾಳತ್ವದಲ್ಲಿ ನಡೆದ ಉಂಗುರ ತೊಡಿಸುವ ಯೋಜನೆ ಆ ಶಂಕೆಯ ಫಲ. ರೋಗದ ಪ್ರಶ್ನೆ ಇಂದಿಗೂ ಹಳತಾಗಿಲ್ಲ: 2020ರ ಕೊನೆಯಿಂದ 2021ರ ಆರಂಭದವರೆಗೆ ಹಿಮಾಚಲ ಪ್ರದೇಶದ ಪಾಂಗ್ ಜಲಾಶಯದಲ್ಲಿ ಹಕ್ಕಿಜ್ವರದಿಂದ ಸತ್ತ ಸಾವಿರಾರು ವಲಸೆ ಹಕ್ಕಿಗಳಲ್ಲಿ ಹೆಚ್ಚಿನವು ಪಟ್ಟೆತಲೆ ಹೆಬ್ಬಾತುಗಳೇ ಆಗಿದ್ದವು. ಅಂತಹ ಸುದ್ದಿ ಬಂದಾಗ ಗದಗಿನ ಕೋಳಿ ಸಾಕಣೆದಾರರು ಎಷ್ಟು ಹೆದರಬೇಕು, ಅಥವಾ ಹೆದರಲೇಬೇಕಿಲ್ಲವೇ ಎಂದು ಹೇಳಲು ಹಕ್ಕಿಗಳ ದಾರಿಯ ಅರಿವು ಬೇಕು.

ಉಂಗುರದ ಮಿತಿ ಎಲ್ಲರಿಗೂ ತಿಳಿದದ್ದೇ: ಹಕ್ಕಿ ಮತ್ತೆ ಬಲೆಗೆ ಬೀಳಬೇಕು ಅಥವಾ ಸತ್ತು ಯಾರದೋ ಕೈಗೆ ಸಿಗಬೇಕು. ದೂರದಿಂದಲೇ ಓದಬಹುದಾದ ಬಣ್ಣದ ಕೊರಳಪಟ್ಟಿ ಈ ತೊಂದರೆಯನ್ನು ಸ್ವಲ್ಪ ನೀಗಿಸಿತು. ಮಂಗೋಲಿಯಾದಲ್ಲಿ ಕೊರಳಪಟ್ಟಿ ತೊಟ್ಟ ಹೆಬ್ಬಾತುಗಳು ರಾಜ್ಯದ ಕೆರೆಗಳಲ್ಲಿ ಕಂಡಿರುವುದರಿಂದ ಎರಡು ನೆಲೆಗಳ ಸಂಬಂಧ ದೃಢಪಟ್ಟಿದೆ. ಆದರೆ ಅದು ಹೊರಟ ಊರು ಮತ್ತು ತಲುಪಿದ ಊರನ್ನು ಮಾತ್ರ ಹೇಳುತ್ತದೆ, ನಡುವಿನ ದಾರಿಯನ್ನಲ್ಲ. ಈಗ ಬಳಕೆಯಲ್ಲಿರುವ, ಬಿಸಿಲಿನಿಂದ ಚಾರ್ಜ್ ಆಗುವ ಜಿಪಿಎಸ್ ಟ್ರಾನ್ಸ್‌ಮಿಟರ್‌ಗಳು ಹಕ್ಕಿ ಇರುವ ಜಾಗವನ್ನು ನಿಗದಿತ ಅವಧಿಗೊಮ್ಮೆ ದಾಖಲಿಸಿ, ಉಪಗ್ರಹದ ಮೂಲಕವೋ ಮೊಬೈಲ್ ಗೋಪುರದ ಮೂಲಕವೋ ಕಳುಹಿಸುತ್ತವೆ. ಮೊಬೈಲ್ ಜಾಲವನ್ನು ನೆಚ್ಚಿದ ಸಾಧನಗಳು ಸಂಪರ್ಕವಿಲ್ಲದ ಪ್ರಸ್ಥಭೂಮಿಯಲ್ಲಿ ದತ್ತಾಂಶವನ್ನು ತಮ್ಮಲ್ಲೇ ಇಟ್ಟುಕೊಂಡು, ಜಾಲ ಸಿಕ್ಕಾಗ ರವಾನಿಸುತ್ತವೆ. ಸಾಧನದ ತೂಕ ಹಕ್ಕಿಯ ತೂಕದ ಶೇ 3ನ್ನು ಮೀರಬಾರದೆಂಬುದು ಸಾಮಾನ್ಯವಾಗಿ ಪಾಲಿಸುವ ಕಟ್ಟಳೆ. ಅದರಂತೆ ಎರಡು ಕಿಲೋ ತೂಗುವ ಹೆಬ್ಬಾತು 60 ಗ್ರಾಂವರೆಗಿನ ಸಾಧನವನ್ನು ಹೊರಬಲ್ಲದು. ಗುಬ್ಬಿಯಷ್ಟೇ ತೂಗುವ ಲಿಟಲ್ ಸ್ಟಿಂಟ್‌ನಂತಹ ಪುಟ್ಟ ಹಕ್ಕಿಗೆ ಒಂದು ಗ್ರಾಂ ಕೂಡ ಹೊರೆಯೇ. ಆದ್ದರಿಂದ ಅಂತಹವಕ್ಕೆ ಉಂಗುರ ಮತ್ತು ಬಣ್ಣದ ಪಟ್ಟಿಗಳೇ ಮುಂದುವರಿಯಬೇಕಾಗುತ್ತದೆ.

ಇಂತಹ ದಾಖಲೆ ನಂಬಿಕೆಗಳನ್ನೂ ತಿದ್ದುತ್ತದೆ. ಪಟ್ಟೆತಲೆ ಹೆಬ್ಬಾತು ಎವರೆಸ್ಟ್ ಶಿಖರದ ಮೇಲೆ ಹಾರುತ್ತದೆ ಎಂಬ ಮಾತು ಬಹುಕಾಲ ಪ್ರಚಲಿತವಿತ್ತು. ಭಾರತ ಮತ್ತು ಮಂಗೋಲಿಯಾದಲ್ಲಿ ಟ್ರಾನ್ಸ್‌ಮಿಟರ್ ತೊಡಿಸಿದ ಹಕ್ಕಿಗಳ ಅಧ್ಯಯನದಲ್ಲಿ ದಾಖಲಾದ ಗರಿಷ್ಠ ಎತ್ತರ 7,290 ಮೀಟರ್. ಬಹುಪಾಲು ಹಾರಾಟ 6,000 ಮೀಟರಿಗಿಂತ ಕೆಳಗೆ, ನೆಲದ ಏರಿಳಿತವನ್ನೇ ಅನುಸರಿಸಿ ಸಾಗಿತ್ತು. ಹಿಮಾಲಯದ ವಿಷಯದಲ್ಲಿಯೇ ಊಹೆ ಇಷ್ಟು ತಪ್ಪಿರುವಾಗ, ಯಾರೂ ಅಳೆಯದ ಶಿರಹಟ್ಟಿಯ ಹೊಲಗಳ ಬಗ್ಗೆ ಊಹೆಯ ಮೇಲೆ ಯೋಜನೆ ಕಟ್ಟುವುದು ತರವಲ್ಲ.

ಪ್ರತಿ ಜನವರಿಯಲ್ಲಿ ನಡೆಯುವ, 1987ರಲ್ಲಿ ಆರಂಭವಾದ ಏಷ್ಯಾ ನೀರುಹಕ್ಕಿ ಗಣತಿಯ ಬೆಲೆಯನ್ನು ಅರ್ಜಿದಾರರು ಕಡೆಗಣಿಸುವುದಿಲ್ಲ. ಆದರೆ ಗಣತಿ ಒಂದು ದಿನದ ಲೆಕ್ಕ. ಒಂದು ಜಾತಿಯ ಅಥವಾ ಉಪಜಾತಿಯ ಹಕ್ಕಿಸಮೂಹದ ಶೇ 1ರಷ್ಟು ನಿಯತವಾಗಿ ಬರುವ ತಾಣ ರಾಮ್ಸಾರ್ ಮಾನ್ಯತೆಗೆ ಅರ್ಹ ಎಂಬುದು ಒಪ್ಪಂದದ ಮಾನದಂಡಗಳಲ್ಲಿ ಒಂದು. ಗಣತಿಯಂದು ಕೆಲವೇ ನೂರು ಹಕ್ಕಿಗಳಿದ್ದ ಸಣ್ಣ ಕೆರೆಯೊಂದನ್ನು ಇಡೀ ಋತುವಿನಲ್ಲಿ ಬೇರೆ ಬೇರೆ ಹಿಂಡುಗಳು ಸರದಿಯಂತೆ ಬಳಸಿರಬಹುದು. ಎರಡು ಕೆರೆಗಳಲ್ಲಿ ಎಣಿಸಿದ್ದು ಒಂದೇ ಹಿಂಡೂ ಆಗಿರಬಹುದು. ಎರಡನ್ನೂ ಬೇರ್ಪಡಿಸಿ ತೋರಿಸುವುದು ಪ್ರತ್ಯೇಕ ಹಕ್ಕಿಗಳ ಜಾಡು ಮಾತ್ರ.

ಮೇಲಿನ ಕಾರಣಗಳಿಂದ ಅರ್ಜಿದಾರರ ಮೊದಲ ಬೇಡಿಕೆ, ಮಾಗಡಿ ಮತ್ತು ಅಂಕಸಮುದ್ರಗಳನ್ನು ಕೇಂದ್ರವಾಗಿಟ್ಟುಕೊಂಡು, ಒಂದು ಮಳೆ ಹೆಚ್ಚಿನ ವರ್ಷ ಮತ್ತು ಒಂದು ಬರದ ವರ್ಷವನ್ನಾದರೂ ಒಳಗೊಳ್ಳುವಷ್ಟು ದೀರ್ಘವಾದ ಜಾಡು ಅಧ್ಯಯನವನ್ನು ಪ್ರಾಧಿಕಾರವು ಅರಣ್ಯ ಇಲಾಖೆ ಹಾಗೂ ಅನುಭವಿ ಸಂಶೋಧನಾ ಸಂಸ್ಥೆಯ ಸಹಯೋಗದಲ್ಲಿ ಕೈಗೊಳ್ಳಬೇಕು ಎಂಬುದು. ಬರದ ವರ್ಷವನ್ನು ಒತ್ತಿ ಹೇಳಲು ಕಾರಣವಿದೆ: ಮಳೆಯಾಶ್ರಿತ ಕೆರೆಗಳು ಒಣಗಿದಾಗ ಹಕ್ಕಿಗಳು ಯಾವ ಹಿನ್ನೀರನ್ನು ಆಶ್ರಯಿಸುತ್ತವೆಯೋ ಆ ಜಾಗವೇ ಇಡೀ ಜಾಲದ ಕೊನೆಯ ಆಸರೆ.

ಅಧ್ಯಯನವು ವರದಿಯಾಗಿ ಕಪಾಟು ಸೇರದಂತೆ ನೋಡಿಕೊಳ್ಳುವುದು ಎರಡನೆಯ ಮತ್ತು ಹೆಚ್ಚು ಮುಖ್ಯವಾದ ಬೇಡಿಕೆ. ಹಕ್ಕಿಗಳು ಪದೇ ಪದೇ ಬಳಸುವುದಾಗಿ ಸಾಬೀತಾದ ಕೆರೆಗಳಲ್ಲಿ ಹೂಳೆತ್ತುವಿಕೆ, ಕೆರೆ ತುಂಬಿಸುವ ಯೋಜನೆ, ಮೀನು ಹಿಡಿಯುವ ಗುತ್ತಿಗೆ, ಹೊಸ ವಿದ್ಯುತ್ ಮಾರ್ಗ ಮತ್ತು ಗಾಳಿಯಂತ್ರಗಳ ಅನುಮತಿಗೆ ಮುನ್ನ ಆ ದತ್ತಾಂಶವನ್ನು ಪರಿಶೀಲಿಸುವುದು ಕಡ್ಡಾಯವಾಗಬೇಕು. ಕೆರೆ ತುಂಬಿದರೆ ಹಕ್ಕಿಗೂ ಒಳಿತೆಂಬ ಸಾಮಾನ್ಯ ಭಾವನೆ ಅರ್ಧ ಸತ್ಯ. ಗೊರವಗಳಿಗೂ ಕೊಕ್ಕರೆಗಳಿಗೂ ಬೇಕಾದದ್ದು ಕಾಲೂರಿ ನಿಲ್ಲುವಷ್ಟು ತೆಳುನೀರು ಮತ್ತು ನಿಧಾನವಾಗಿ ತೆರೆದುಕೊಳ್ಳುವ ಕೆಸರಂಚು. ದಡವನ್ನು ಕಡಿದಾಗಿ ಕೊರೆದು ವರ್ಷವಿಡೀ ಅಂಚಿನವರೆಗೆ ನೀರು ನಿಲ್ಲಿಸಿದ ಕೆರೆ ಅವುಗಳ ಪಾಲಿಗೆ ಬರಿದು. ರೈತರ ನೀರಿನ ಅಗತ್ಯವನ್ನು ಬದಿಗಿಟ್ಟು ಇದನ್ನು ಕೇಳುತ್ತಿಲ್ಲ, ಏಕೆಂದರೆ ಅರ್ಜಿದಾರರಲ್ಲಿ ರೈತರೂ ಇದ್ದಾರೆ. ಹಲವು ಕೆರೆಗಳ ಜಾಲದಲ್ಲಿ ಯಾವುದನ್ನು ತುಂಬಿಸಬೇಕು, ಯಾವುದರ ಒಂದು ಬದಿಯನ್ನಾದರೂ ಇಳಿಜಾರಾಗಿ ಉಳಿಸಬೇಕು ಎಂಬುದನ್ನು ಆಯ್ಕೆ ಮಾಡಲು ಆಧಾರ ಬೇಕೆಂಬುದಷ್ಟೇ ಕೋರಿಕೆ.

ಹೀಗೆ ಗುರುತಿಸಿದ ನೀರಾವರಿ ಕೆರೆಗಳನ್ನು ವನ್ಯಜೀವಿ ಸಂರಕ್ಷಣಾ ಕಾಯ್ದೆ 1972ರ 36ಎ ಪ್ರಕರಣದಡಿ, ಅಂದರೆ ಸ್ಥಳೀಯರೊಂದಿಗೆ ಸಮಾಲೋಚಿಸಿ ಸರ್ಕಾರಿ ಜಮೀನನ್ನು ಸಂರಕ್ಷಣಾ ಮೀಸಲು ಎಂದು ಘೋಷಿಸುವ ಅವಕಾಶದಡಿ, ತರುವಂತೆ ಪ್ರಾಧಿಕಾರವು ಸರ್ಕಾರಕ್ಕೆ ಶಿಫಾರಸು ಮಾಡಬೇಕು. ಹೆಬ್ಬಾತುಗಳು ಮೇಯುವ ಹೊಲಗಳಲ್ಲಿ ಆಗುವ ಬೆಳೆನಷ್ಟವನ್ನು ಜಾಡಿನ ದಾಖಲೆಯೊಡನೆ ತಾಳೆ ನೋಡಿ ಅಂದಾಜಿಸಿ, ಪರಿಹಾರದ ವ್ಯವಸ್ಥೆಯನ್ನೂ ರೂಪಿಸಬೇಕು. ಹಕ್ಕಿಯನ್ನು ಸಹಿಸಿಕೊಂಡ ರೈತನೇ ಈ ಕೆರೆಗಳ ನಿಜವಾದ ಕಾವಲುಗಾರನಾಗಿರುವಾಗ ಅವನ ನಷ್ಟವನ್ನು ಲೆಕ್ಕಕ್ಕೆ ಹಿಡಿಯದ ಸಂರಕ್ಷಣೆ ಬಾಳದು. ಹಕ್ಕಿಗಳ ತತ್ಕ್ಷಣದ ನೆಲೆ ಬೇಟೆಗಾರರಿಗೆ ತಿಳಿಯದಂತೆ ದತ್ತಾಂಶವನ್ನು ತಡಮಾಡಿ ಪ್ರಕಟಿಸುವ ಎಚ್ಚರವೂ ಅಗತ್ಯ.

ವಲಸೆ ಪ್ರಾಣಿಗಳ ಅಂತರರಾಷ್ಟ್ರೀಯ ಒಪ್ಪಂದದ ಸದಸ್ಯ ದೇಶಗಳು 2024ರ ಫೆಬ್ರುವರಿಯಲ್ಲಿ ಉಜ್ಬೇಕಿಸ್ತಾನದ ಸಮರ್ಕಂದ್‌ನಲ್ಲಿ ಸೇರಿದಾಗ, ಸೈಬೀರಿಯಾದಿಂದ ಹಿಂದೂ ಮಹಾಸಾಗರದವರೆಗೆ ಹರಡಿರುವ ಮಧ್ಯ ಏಷ್ಯಾ ಹಾರುದಾರಿಯ ಸಂರಕ್ಷಣೆಗೆ ಸಮನ್ವಯ ಘಟಕವೊಂದನ್ನು ಭಾರತದಲ್ಲಿ ಸ್ಥಾಪಿಸಲು ಒಪ್ಪಿವೆ. ರಾಜ್ಯದ ದತ್ತಾಂಶವನ್ನು ಆ ಘಟಕದೊಡನೆ ಹಂಚಿಕೊಳ್ಳುವ ಏರ್ಪಾಡನ್ನು ಈಗಲೇ ಮಾಡಿಕೊಳ್ಳುವುದು ಲೇಸು.

ಹೆಬ್ಬಾತುಗಳು ನವೆಂಬರ್ ಹೊತ್ತಿಗೆ ಬಂದು ಮಾರ್ಚ್ ವೇಳೆಗೆ ಹಿಂತಿರುಗುತ್ತವೆ. ಹಕ್ಕಿ ಹಿಡಿದು ಸಾಧನ ತೊಡಿಸಲು ಮೇಲ್ಕಂಡ ಕಾಯ್ದೆಯ 12ನೇ ಪ್ರಕರಣದಡಿ ಮುಖ್ಯ ವನ್ಯಜೀವಿ ಪರಿಪಾಲಕರ ಅನುಮತಿ ಪಡೆಯಬೇಕಾಗಿದ್ದು, ಅದು ತಡವಾದರೆ ಒಂದು ಇಡೀ ಋತು ಕೈತಪ್ಪುತ್ತದೆ. ಆದಕಾರಣ ಈ ಮನವಿಯನ್ನು ಪ್ರಾಧಿಕಾರದ ಮುಂದಿನ ಸಭೆಯ ಕಾರ್ಯಸೂಚಿಯಲ್ಲಿ ಸೇರಿಸಿ, ಅರ್ಜಿದಾರರ ಪ್ರತಿನಿಧಿಗಳಿಗೆ ಅಹವಾಲು ಹೇಳಲು ಅವಕಾಶ ನೀಡಿ, ಅನುಮತಿಯ ಪ್ರಕ್ರಿಯೆಯನ್ನು ಮಳೆಗಾಲ ಮುಗಿಯುವುದರೊಳಗೆ ಪೂರ್ಣಗೊಳಿಸಬೇಕಾಗಿ ಕೋರಲಾಗಿದೆ.

ಪ್ರತಿಗಳು: ಪ್ರಧಾನ ಮುಖ್ಯ ಅರಣ್ಯ ಸಂರಕ್ಷಣಾಧಿಕಾರಿ (ವನ್ಯಜೀವಿ), ಬೆಂಗಳೂರು, ಜಿಲ್ಲಾಧಿಕಾರಿಗಳು, ಗದಗ ಮತ್ತು ವಿಜಯನಗರ.