ಸಹರೋಗಿಯ ಸಲಹೆ

2023ರಲ್ಲಿ ಪ್ರಕಟವಾದ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ಅಧ್ಯಯನವು ನಮ್ಮ ದೇಶದಲ್ಲಿ ಸುಮಾರು 10 ಕೋಟಿ ಮಧುಮೇಹಿಗಳಿರುವರೆಂದು ಅಂದಾಜಿಸಿತು. ಇವರು ಪರಸ್ಪರ ಮಾತನಾಡಲೇಬೇಕು. ಮದುವೆಮನೆಯ ಹೋಳಿಗೆಯನ್ನು ನಿರಾಕರಿಸುವ ಬಗೆ, ಸೂಜಿಯ ಭಯ, ನಡುರಾತ್ರಿ ಸಕ್ಕರೆ ಇಳಿದು ಬೆವರುವ ಆತಂಕ ಇವೆಲ್ಲ ವೈದ್ಯರ ಐದು ನಿಮಿಷದಲ್ಲಿ ಚರ್ಚೆಗೆ ಬರುವುದಿಲ್ಲ. ಅನುಭವಿಸಿದವರೇ ಅವನ್ನು ಬಲ್ಲರು.

ಆದರೆ ಸಹರೋಗಿಯು ವೈದ್ಯನ ಪೀಠವನ್ನೇರುವುದನ್ನು ನಾನು ಖಂಡಿಸುತ್ತೇನೆ. “ಹಾಗಲಕಾಯಿ ರಸ ಕುಡಿಯಿರಿ, ಮಾತ್ರೆ ಬಿಡಿ” ಎಂಬ ಉಪದೇಶ ಎಲ್ಲೆಡೆ ಕೇಳಿಬರುತ್ತಿದೆ. ಕಹಿಯು ಸಿಹಿಯನ್ನು ಕಳೆಯುತ್ತದೆಂಬುದು ನಾಲಿಗೆಯ ತರ್ಕ. ರಕ್ತ ಅದಕ್ಕೆ ಮಣಿಯದು. ರಾಗಿಮುದ್ದೆಯನ್ನು ಎಷ್ಟಾದರೂ ಉಣ್ಣಬಹುದೆನ್ನುವವರು, ರಾಗಿಯಲ್ಲೂ ನೂರಕ್ಕೆ ಸುಮಾರು 70ರಷ್ಟು ಶರ್ಕರಪಿಷ್ಟವಿದೆಯೆಂಬುದನ್ನು ಮರೆಯುತ್ತಾರೆ.

ಇಷ್ಟಾದರೆ ಸಹಿಸಬಹುದಿತ್ತು. ಇನ್ಸುಲಿನ್ ನಿಲ್ಲಿಸಿರೆಂದು ಹೇಳುವ ಧೈರ್ಯ ಇವರಿಗೆಲ್ಲಿಂದ ಬಂತು? ಟೈಪ್ 1 ಮಧುಮೇಹವಿರುವ ಮಗುವಿಗೆ ಅದು ತಪ್ಪಿದರೆ ಕೆಲವೇ ದಿನಗಳಲ್ಲಿ ರಕ್ತ ಆಮ್ಲೀಯವಾಗಿ ಪ್ರಾಣಕ್ಕೇ ಕುತ್ತು. 1922ರಲ್ಲಿ ಟೊರಾಂಟೊದಲ್ಲಿ ಇನ್ಸುಲಿನ್ ಚುಚ್ಚುಮದ್ದು ಆರಂಭವಾಗುವ ಮೊದಲು ಅಂಥ ಮಕ್ಕಳು ಹೆಚ್ಚು ಕಾಲ ಬದುಕುತ್ತಿರಲಿಲ್ಲ.

ಉಪದೇಶಿಸುವವರು ಮೊದಲು ತಮ್ಮ ಎಚ್‌ಬಿಎ1ಸಿ ವರದಿಯನ್ನು ತೋರಿಸಲಿ. ತೋರಿಸಿದರೂ ಅದು ಅವರ ಮೂರು ತಿಂಗಳ ಲೆಕ್ಕವೇ ಹೊರತು ನಿಮ್ಮದಲ್ಲ. ಮುಂಜಾನೆ ಅವರೊಡನೆ ನಡೆಯಿರಿ, ಕಷ್ಟಸುಖ ಹಂಚಿಕೊಳ್ಳಿರಿ. ಔಷಧದ ಮಾತು ಬಂದಾಗ ವೈದ್ಯರನ್ನೇ ಕೇಳಿರಿ.