ಬಾನುಲಿಯ ಬಾಗಿಲು ತಟ್ಟಿದವರು ಯಾರು?

ಬಾನುಲಿಯಲ್ಲಿ ಕನ್ನಡದ ಸೊಲ್ಲೇ ಇಲ್ಲವೆಂಬ ನಮ್ಮವರ ಗೊಣಗಾಟವನ್ನು, ವರ್ಗಾವಣೆಯ ಕೃಪೆಯಿಂದ, ನಾಸಿಕದಲ್ಲಿಯೂ ಛತ್ರಪತಿ ಸಂಭಾಜಿನಗರದಲ್ಲಿಯೂ ಕೇಳಿದ್ದೇನೆ. ಎರಡೂ ಊರುಗಳಲ್ಲಿ ಸಮುದಾಯ ಬಾನುಲಿಗಳಿವೆ. ಇಂಥ ಕೇಂದ್ರಗಳ ಆಡಳಿತದಲ್ಲಿ ಸ್ಥಳೀಯ ಸಮುದಾಯ ಪ್ರತಿಬಿಂಬಿಸಬೇಕು, ಕನಿಷ್ಠ ಅರ್ಧದಷ್ಟು ಕಾರ್ಯಕ್ರಮಗಳು ಸ್ಥಳೀಯರ ಸಹಭಾಗದಿಂದಲೇ ಸಿದ್ಧವಾಗಬೇಕು ಎಂದು 2006ರ ಕೇಂದ್ರ ನೀತಿ ವಿಧಿಸಿತು. ದಶಕಗಳಿಂದ ಗೋದಾವರಿಯ ನೀರು ಕುಡಿದು ಇಲ್ಲಿಯೇ ತೆರಿಗೆ ತೆತ್ತ ನಾವು ಸ್ಥಳೀಯರಲ್ಲವೆ?

ನೀತಿಯಲ್ಲಿ ದೋಷವೂ ಇದೆ: ಸಮಿತಿಗೆ ಕೇಳುಗರಿಂದ ಚುನಾವಣೆಯಾಗಬೇಕೆಂಬ ನಿಯಮವಿಲ್ಲ, ಪರವಾನಗಿ ಹೊಂದಿದ ಸಂಸ್ಥೆ ಕರೆದವರೇ ಸದಸ್ಯರು. ಆದರೆ ಬಾಗಿಲನ್ನೇ ತಟ್ಟದವರನ್ನು ಯಾರು ಕರೆದಾರು? ಕೋಲಾರ ಜಿಲ್ಲೆಯ ಬೂದಿಕೋಟೆಯ ಸ್ವಸಹಾಯ ಸಂಘಗಳ ಹೆಣ್ಣುಮಕ್ಕಳು ಪರವಾನಗಿಯ ದಾರಿ ಕಾಯದೆ, 2003ರಲ್ಲಿಯೇ ಕೇಬಲ್ ಮೂಲಕ ‘ನಮ್ಮ ಧ್ವನಿ’ ನಡೆಸಿದರು. ನಾವೋ, ರಾಜ್ಯೋತ್ಸವದ ಊಟದ ಸಮಿತಿಗಾಗಿ ಹೊಡೆದಾಡುತ್ತೇವೆ!

ಸಂಘದ ಮುಂದಿನ ಸಭೆಯಲ್ಲಿ ವಾರಕ್ಕೆ ಎರಡು ಗಂಟೆ ಕೊಡಬಲ್ಲ ನಾಲ್ವರು ಹೆಸರು ಬರೆಯಿಸಲಿ. ಇಲಾಖೆಯ ಅನುಮತಿ ಪಡೆದು ನಾನೂ ಬರುತ್ತೇನೆ.